ಹಿಮಗೊಡಲಿಗೆ ನಮ್ಮ ಬಂಡೆ ಇಲ್ಲ

ಹದಿನಾಲ್ಕನೇ ತಾರೀಖು, ಮಂಗಳವಾರ

ತಂಗಿ ಮಗನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಅವನೂ ಅವನ ಗೆಳೆಯರೂ ಹಿಮ ಹತ್ತುವ ಕೊಡಲಿಗಳನ್ನು ನಮ್ಮ ಒಣ ಬಂಡೆಗೆ ಸಿಕ್ಕಿಸಿ ಅಭ್ಯಾಸ ಮಾಡುತ್ತಾರಂತೆ. ಅದಕ್ಕೆ ಬಂಡೆ ಹತ್ತುವವರ ಕ್ಲಬ್ಬಿನ ಹಿರಿಯನೆಂದು ನನ್ನ ಸಹಿ ಬೇಕಂತೆ.

"ಕಲ್ಲಿಗೇನು ನೋವಾಗುತ್ತಾ ಮಾವ?" ಅಂದ.

ಕೈ ಹಿಡಿದು ಎಳೆದುಕೊಂಡು ಹೋಗಿ, ಹರೆಯದಲ್ಲಿ ಹಗ್ಗ ಕಟ್ಟಲೆಂದು ನಾನೇ ಮೊಳೆ ಹೊಡೆದು ಮುರಿದ ಅಂಚನ್ನು ಮುಟ್ಟಿಸಿದೆ. "ಇಲ್ಲಿ ಎರಡು ಬೆರಳು ಕೂರ್ತಿತ್ತು. ನಲವತ್ತು ವರ್ಷ ಆಯ್ತು, ಚಿಗುರಿತೇನೋ?"

"ನೀವು ಹೊಡೀಬಹುದು, ನಾವು ಹೊಡೀಬಾರದಾ?"

"ಕೆಡಿಸಿದವನು ಹೇಳ್ತಿದೀನಿ, ಕೇಳು. ಪಾಳುಬಿದ್ದ ಕಲ್ಲು ಕ್ವಾರಿ ಇದೆಯಲ್ಲ, ಅಲ್ಲಿ ಕೊಡಲಿ ಬೀಸು. ನಾನೇ ಹಗ್ಗ ಹಿಡೀತೀನಿ."

ಮುಖ ಊದಿಸಿಕೊಂಡು ಹೋದ. ನಾಳೆ ಎಲ್ಲರನ್ನೂ ಕರೆತರುತ್ತಾನಂತೆ. ಬರಲಿ. ಒಂದು ತಪ್ಪು ಮಾಡಿದ ಕೈ ಇನ್ನೊಂದಕ್ಕೆ ಸಹಿ ಹಾಕುವುದಿಲ್ಲ. ಮಂಡಿ ಹಿಂಡುತ್ತಿದೆ. ಆದರೂ ಬೆಳಗ್ಗೆ ಅವರಿಗಿಂತ ಮೊದಲೇ ಬಂಡೆ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತೇನೆ.