ಹುಬ್ಬಳ್ಳಿಯ ಎರಡು ದಿನದ ತರಬೇತಿ

ಮನ್ಮನೆ, ೧೮ ನವೆಂಬರ್ ೨೦೨೫, ಮಂಗಳವಾರ

ಕೊನೆಗೂ ಇವತ್ತು ಹುಬ್ಬಳ್ಳಿಯ ಕಾರು ತರಬೇತಿಗೆ ಹೆಸರು ಕೊಟ್ಟೆ. ಶಿರಸಿಯ ಡ್ರೈವಿಂಗ್ ಸ್ಕೂಲಿಗೇ ಮತ್ತೆ ಹೋಗಬಹುದಿತ್ತು. ಆದರೆ ಅಲ್ಲಿ ಕಲಿತದ್ದು ಲೈಸೆನ್ಸಿಗಷ್ಟೇ ಸಾಕಾಯಿತು. ಹುಬ್ಬಳ್ಳಿಯಲ್ಲಿ ಒದ್ದೆ ನೆಲದ ಮೇಲೆ ವೇಗವಾಗಿ ತಿರುಗಿಸುವುದು, ಜಾರಿದ ಕಾರನ್ನು ಹಿಡಿತಕ್ಕೆ ತರುವುದು ಕಲಿಸುತ್ತಾರಂತೆ.

"ರೇಸಿಗೆ ಹೋಗೋರೇನ್ರಿ ಮೇಡಂ?" ಎಂದು ತರಬೇತುದಾರರು ಫೋನಿನಲ್ಲಿ ನಕ್ಕರು.

"ಅಲ್ಲ ಸರ್, ಮಳೇಲಿ ಕಾರು ಹೊಡೆಯೋಕೆ ಧೈರ್ಯ ಇಲ್ಲ" ಅಂದೆ. ಆಮೇಲೆ ಫೀಸು ಎಷ್ಟೆಂದು ಕೇಳಿದೆ.

ಜುಲೈನ ಆ ಮಧ್ಯಾಹ್ನ ಅಪ್ಪ ಎದೆ ಹಿಡಿದುಕೊಂಡು ಜಗಲಿಯಲ್ಲಿ ಕೂತಿದ್ದ. ಕಾರು ಅಂಗಳದಲ್ಲಿತ್ತು, ಕೀಲಿ ನನ್ನ ಕೈಯಲ್ಲಿತ್ತು. "ನೀನೇ ಹೊಡಿ ಮಗಾ, ಆಗ್ತದೆ" ಅಂದ. ಆ ಮಳೆಗೆ ನನಗೆ ಧೈರ್ಯವಾಗಲಿಲ್ಲ. ಪಕ್ಕದೂರಿನ ರವೀಂದ್ರಣ್ಣನನ್ನು ಕರೆದು ಕಾದೆ. ಅವನು ಬರುವಷ್ಟರಲ್ಲಿ ಮುಕ್ಕಾಲು ಗಂಟೆ. ಸಿದ್ದಾಪುರದ ಆಸ್ಪತ್ರೆ ಮುಟ್ಟುವ ಮೊದಲೇ ಅಪ್ಪ ಹೋಗಿಬಿಟ್ಟ.

ತರಬೇತಿಯ ವಿಷಯ ಹೇಳಿದಾಗ ಅಮ್ಮ ತಲೆಯೆತ್ತದೆ, "ಈಗ ಕಲ್ತು ಯಾರ್ನ ಕರ್ಕಂಡು ಹೋಗ್ತೀಯೆ?" ಎಂದಳು. ಬೈದದ್ದಲ್ಲ, ನಿಜವಾಗಿ ಕೇಳಿದ್ದು. "ನಿನ್ನನ್ನೇ" ಅನ್ನಲು ಹೋದೆ. ಅವಳಿಗೂ ಅಂಥ ದಿನ ಬರಲಿ ಎಂದಂತಾಗುತ್ತದಲ್ಲ ಎನಿಸಿ, ಹೊರಡುವ ದಿನವನ್ನಷ್ಟೇ ಹೇಳಿದೆ.

ಶನಿವಾರ ಬೆಳಗಿನ ಬಸ್ಸಿಗೆ ಹೊರಡಬೇಕು. ಕಾರಿನಲ್ಲೇ ಹೋಗುವಷ್ಟು ಧೈರ್ಯ ಇನ್ನೂ ಬಂದಿಲ್ಲ.