ಹಿಡಿಕೆಯಿಲ್ಲದ ಬಾಗಿಲುಗಳು

ನಿನ್ನ ಹೊಸ ಮನೆ, ಅಡುಗೆಕಟ್ಟೆಯ ಪಕ್ಕದಿಂದ
ಭಾನುವಾರ, ಮಾರ್ಚ್ ೯

ನನ್ನ ಮುದ್ದಿನ ಪುಟ್ಟಿಗೆ,

ಹೇಗಿದ್ದೀಯಮ್ಮ? ನೆಗಡಿ ಬಿಟ್ಟಿತೇ? ಕೆಲಸ ಕೆಲಸ ಎಂದು ಊಟ ಬಿಟ್ಟು ಓಡಾಡಬೇಡ. ನನ್ನ ಮಂಡಿನೋವು ಹಾಗೇ ಇದೆ. ಮರದ ಪುಡಿಯಿಂದ ಈಗ ಕೆಮ್ಮೂ ಜೊತೆಯಾಗಿದೆ.

ನಿನ್ನ ಮನೆಯ ಒಳಗಿನ ಕೆಲಸ ಮುಗಿಯುತ್ತ ಬಂತು. ನೀನು ಗೊತ್ತುಮಾಡಿ ಹೋದ ಡಿಸೈನರ್ ಮೇಡಂ ಜೊತೆ ನನಗೆ ಮೊದಲ ದಿನವೇ ಜಟಾಪಟಿ. ಗೋಡೆ ಬಿಳಿ, ನೆಲ ಬಿಳಿ, ಸೋಫಾವೂ ಬಿಳಿ. ಆಸ್ಪತ್ರೆಗೆ ಸೇರಿದ ಹಾಗಿದೆ ಎಂದೆ. "ಸಾರ್, ಇಪ್ಪತ್ತು ವರ್ಷ ಆದ್ರೂ ಇದು ಹಳೇದಾಗಲ್ಲ" ಎಂದರು. "ನಾನಾಗ್ತೀನಲ್ಲ ಮೇಡಂ" ಎಂದೆ. ನಗಲಿಲ್ಲ. ಆದರೆ ಗೋಡೆಗೆ ನಾಲ್ಕೈದು ಥರದ ಬಿಳಿ ಬಳಿಸಿ, ಯಾವುದು ಚೆನ್ನ ಎಂದು ನನ್ನನ್ನೇ ಕೇಳಿದರು. ಕನ್ನಡಕ ಒರೆಸಿಕೊಂಡು ನೋಡುತ್ತೇನೆ, ಎಲ್ಲವೂ ನಿಜಕ್ಕೂ ಬೇರೆಬೇರೆ ಕಣೇ! ನಾನು ಬೆರಳು ತೋರಿಸಿದ್ದನ್ನೇ ಮನೆಯೆಲ್ಲ ಬಳಿಸಿದರು.

ಫಜೀತಿಯಾದದ್ದು ಬಾಗಿಲುಗಳಿಂದ. ಕಪಾಟು, ಬಚ್ಚಲು, ಸಾಮಾನಿನ ಕೋಣೆ, ಯಾವುದಕ್ಕೂ ಹಿಡಿಕೆಯಿಲ್ಲ. ಮುಚ್ಚಿದರೆ ಗೋಡೆ, ಒತ್ತಿದರೆ ಬಾಗಿಲು. ಮೊನ್ನೆ ನಿನ್ನ ಸೋದರತ್ತೆ ಮನೆ ನೋಡಲು ಬಂದರು. ಕೈ ತೊಳೆದು ಬರುತ್ತೇನೆಂದು ಹೋದವರು ನಾಪತ್ತೆ. ಸ್ವಲ್ಪ ಹೊತ್ತಿಗೆ ಗೋಡೆಯೇ "ಅಯ್ಯೋ" ಎಂದಿತು. ಯಾವ ಗೋಡೆ ಎಂದು ತಿಳಿಯದೆ ಮೇಡಂ ಆ ಕಡೆಯಿಂದ, ನಾನು ಈ ಕಡೆಯಿಂದ ಒತ್ತುತ್ತ ಬಂದೆವು. ಫ್ರಿಜ್ಜು ತೆರೆಯಿತು, ಚಪ್ಪಲಿ ಗೂಡು ತೆರೆಯಿತು, ಅತ್ತೆ ಮಾತ್ರ ಸಿಗಲಿಲ್ಲ. ಕೊನೆಗೆ ಪೊರಕೆ ಇಡುವ ಕಪಾಟಿನಿಂದ ಹೊರಬಂದವರೇ, "ಮನೆ ಮಾಡ್ತಿದ್ದೀರೋ, ಕಣ್ಣಾಮುಚ್ಚಾಲೆ ಆಡ್ತಿದ್ದೀರೋ?" ಎಂದು ಗುಡುಗಿದರು. ಕ್ಷಮೆ ಕೇಳಲು ಬಾಯಿ ತೆರೆದ ಮೇಡಂ ನಗು ತಡೆಯಲಾರದೆ ನೆಲದ ಮೇಲೆ ಕುಳಿತೇಬಿಟ್ಟರು. ಮಂಡಿನೋವು ಮರೆತು ನಾನೂ ಕುಳಿತೆ. ನಿನ್ನಮ್ಮ ಹೋದ ಮೇಲೆ ಹಾಗೆ ನಕ್ಕ ನೆನಪಿಲ್ಲ ನನಗೆ.

ಮರುದಿನವೇ ಮೇಡಂ ಬಡಗಿಯನ್ನು ಕರೆಸಿ ಎಲ್ಲ ಬಾಗಿಲಿಗೂ ಹಿತ್ತಾಳೆ ಹಿಡಿಕೆ ಹಾಕಿಸಿದರು. ನೀನು ಬೇಡವೆಂದಿದ್ದೆಯಂತೆ. ಬೈಯುವುದಿದ್ದರೆ ನನಗೆ ಬೈ, ಅವರಿಗೆ ಏನೂ ಅನ್ನಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು, ಮಲಗು. ಎಲ್ಲಿದ್ದರೂ ತಣ್ಣಗಿರು ಮಗಳೇ.

ನಿನ್ನ
ಅಪ್ಪ

ಮ.ಬ.: ಲಕೋಟೆ ಅಂಟಿಸುವ ಮುಂಚೆ ಒಂದು ಮಾತು. ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಈ ಕಾಗದ. ಮೇಡಮ್ಮೂ ನನ್ನ ಹಾಗೆ ಒಂಟಿ. ಇಲ್ಲಿಯ ಕೆಲಸ ಮುಗಿದರೆ ಅವರು ದಿನಾ ಬರುವುದು ನಿಲ್ಲುತ್ತದಲ್ಲ ಎಂದು ಹೆದರಿ, ಮದುವೆಯಾಗೋಣವೇ ಎಂದು ಕೇಳಿಬಿಟ್ಟೆ. "ಮೊದಲು ಮಗಳನ್ನ ಕೇಳಿ" ಎಂದಿದ್ದಾರೆ. ಕೇಳುತ್ತಿದ್ದೇನೆ. ಬೇಡವೆನಿಸಿದರೆ ಫೋನ್ ಮಾಡು, ನನ್ನೊಬ್ಬನ ಕಿವಿಗೆ ಬಿದ್ದರೆ ಸಾಕು. ಒಪ್ಪಿಗೆಯಾದರೆ ಮಾತ್ರ ಕಾಗದ ಬರೆಯಮ್ಮ, ಅವರಿಗೆ ತೋರಿಸಬೇಕು.