ಕಿಟಕಿಯಿಂದ ಬಂದ ಕೂಸು

ಯಲಹಂಕ ಸ್ಟೇಷನ್, ೧೨-೬-೫೮

ಅಕ್ಕ, ತಲುಪಿದ ಕೂಡಲೇ ಬರೆ ಎಂದು ನೀನು ಕೊಟ್ಟ ಕಾರ್ಡಿನಲ್ಲೇ ಬರೆಯುತ್ತಿದ್ದೇನೆ. ನನಗೇನೂ ಆಗಿಲ್ಲ, ಆದರೆ ಕಾರ್ಡನ್ನು ಮೊಣಕಾಲ ಮೇಲಿಟ್ಟು ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಹೇಗಿದ್ದರೂ ಓದಿಕೋ.

ಯಶವಂತಪುರದಲ್ಲಿ ಗಾಡಿ ಬದಲಾಯಿಸುವಾಗ ಕೂಲಿಯವನು "ಒಸಿ ರಶ್ಶು ಕಣಮ್ಮ, ಒತ್ತರಿಸಿ ಕೂತ್ರೆ ಆಯ್ತು" ಅಂದ. ಅವನ 'ಒಸಿ ರಶ್ಶಿ'ನಲ್ಲಿ ಕಾಲೂರಲೂ ಜಾಗವಿರಲಿಲ್ಲ. ಹೇಗೋ ಕಿಟಕಿಯ ಪಕ್ಕ ಕುಳಿತೆ. ಬಾಗಿಲ ನೂಕಾಟಕ್ಕೆ ಹೆದರಿ ಇಲ್ಲಿಯವರು ಮಕ್ಕಳನ್ನು ಮೊದಲು ಕಿಟಕಿಯಿಂದ ಒಳಗೆ ಕೊಟ್ಟು, ಆಮೇಲೆ ತಾವು ಹತ್ತುತ್ತಾರೆ. ಯಾರೋ ಒಬ್ಬಳು "ಒಸಿ ಇಡ್ಕಳಕ್ಕಾ, ಬಾಗ್ಲಾಗೆ ಅತ್ತಿ ಬತ್ತೀನಿ" ಎಂದು ಎಳೆಗೂಸನ್ನು ನನ್ನ ಮಡಿಲಿಗೆ ಹಾಕಿದಳು. ಗಾಡಿ ಹೊರಟೇಬಿಟ್ಟಿತು. ಬಾಗಿಲಲ್ಲಿ ಗಂಡಸರೇ ಜೋತುಬಿದ್ದಿದ್ದರು. ಅವಳು ಒಳಗೆ ಬರಲೇ ಇಲ್ಲ. ನನ್ನ ಊರು ಇನ್ನೂ ಮುಂದಿದ್ದರೂ ಕೂಸನ್ನೆತ್ತಿಕೊಂಡು ಯಲಹಂಕದಲ್ಲೇ ಇಳಿದೆ.

ಸ್ಟೇಷನ್ ಮಾಸ್ಟರು "ಹಿಂದೆ ಬರೋ ಗಾಡೀಲಿ ಬಂದೇ ಬರ್ತಾಳೆ, ಕೂತಿರಮ್ಮ" ಅಂದಿದ್ದಾರೆ. ಕೂಸು ಹಸಿದು, ಅತ್ತು ಅತ್ತು ನಿದ್ದೆ ಹೋಗಿದೆ. ನಾಳೆ ಚಿಕ್ಕಜಾಲದ ಶಾಲೆಯಲ್ಲಿ ಕೆಲಸಕ್ಕೆ ಸೇರಬೇಕು, ಆದರೆ ಇದನ್ನು ಬಿಟ್ಟು ಏಳುವುದು ಹೇಗೆ? ಭಾನುವಾರ ನೀನು ಬರುವಾಗ ಯಾರು ಏನೇ ಹೇಳಲಿ, ಸುಬ್ಬುವನ್ನು ಕಂಕುಳಿಂದ ಇಳಿಸಬೇಡ. ಗಾಡಿ ತಪ್ಪಿದರೆ ತಪ್ಪಲಿ.

ಅಗೋ, ಗಾಡಿ ಬರುತ್ತಿದೆ, ಬಾಗಿಲ ತುಂಬ ಜನ. ಅಕ್ಕ, ಆ ನೂಕಾಟದಲ್ಲಿ ಅವಳ ಮುಖ ನಾನು ನೋಡಲೇ ಇಲ್ಲ. ಕಿಟಕಿಯಲ್ಲಿ ಕಂಡದ್ದು ಎರಡು ಕೈ, ಹಸಿರು ಗಾಜಿನ ಬಳೆ, ಅಷ್ಟೇ. ಹಸಿರು ಬಳೆಯ ಕೈ ಯಾರು ಚಾಚಿದರೂ ಕೊಟ್ಟುಬಿಡಲೇ?

ನಿನ್ನ ತಂಗಿ
ಪುಟ್ಟತಾಯಿ